ಸ್ಲೀಪ್ ಆಪ್ನಿಯಾ ಇರುವವರ ಪ್ರಾಣಾಯಾಮ: ಗಂಟಲಿನಿಂದ ಶುರುಮಾಡಿ

ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ, ಅಂದರೆ ಸ್ಲೀಪ್ ಆಪ್ನಿಯಾ, ಇರುವವರು ಯೋಗ ಶಿಬಿರಕ್ಕೆ ಬಂದರೆ, ಉಳಿದವರೊಂದಿಗೆ ಅವರೂ ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಮತ್ತು ಮೂಗಿನ ಹೊಳ್ಳೆ ಬದಲಿಸಿ ಉಸಿರಾಡುವ ಅನುಲೋಮ-ವಿಲೋಮಗಳನ್ನೇ ಕಲಿತು ಮನೆಗೆ ಹೋಗುತ್ತಾರೆ. ಶಿಬಿರ ಶಿರಸಿಯ ಸಭಾಭವನದಲ್ಲಿ ನಡೆಯಲಿ, ಕಾರವಾರದ ಕಡಲತೀರದಲ್ಲಿ ನಡೆಯಲಿ, ಪಾಠ ಬಹುಪಾಲು ಇದೇ ಆಗಿರುತ್ತದೆ. ಈ ಮೂರರಲ್ಲಿ ಮೊದಲಿನ ಎರಡು ಇಂಥವರಲ್ಲಿ ಅನೇಕರಿಗೆ ಹೊಂದುವುದಿಲ್ಲ. ಮೂರನೆಯದು ಒಳ್ಳೆಯದೇ ಆದರೂ ತೊಂದರೆ ಇರುವ ಜಾಗವನ್ನು ಮುಟ್ಟುವುದಿಲ್ಲ. ತೊಂದರೆ ಇರುವುದು ಗಂಟಲಿನಲ್ಲಿ, ಶ್ವಾಸಕೋಶದಲ್ಲಲ್ಲ. ಆದ್ದರಿಂದ ನಾಲಿಗೆ, ಅಂಗಳ (ಬಾಯಿಯ ಮೇಲ್ಚಾವಣಿ) ಮತ್ತು ಗಂಟಲಿನ ಸ್ನಾಯುಗಳಿಗೆ ಕೆಲಸ ಕೊಡುವ ಅಭ್ಯಾಸಗಳನ್ನೇ ಆರಿಸಿಕೊಂಡು, ಉಸಿರು ಹಿಡಿಯುವ ಮತ್ತು ರಭಸದಿಂದ ಹೊರದಬ್ಬುವ ಅಭ್ಯಾಸಗಳನ್ನು ಬದಿಗಿಡಬೇಕೆಂಬುದು ಇಲ್ಲಿಯ ಮುಖ್ಯ ಸಲಹೆ.

ಎಚ್ಚರದಲ್ಲಿರುವಾಗ ನಾಲಿಗೆಯ ಬುಡ, ಕಿರುನಾಲಿಗೆ, ಮೃದು ಅಂಗಳ ಮತ್ತು ಗಂಟಲಿನ ಗೋಡೆಯ ಸ್ನಾಯುಗಳು ತಕ್ಕಷ್ಟು ಬಿಗುವಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ. ತೋಟಕ್ಕೆ ಪಂಪು ಕೂರಿಸಿದವರಿಗೆ ಇದನ್ನು ಹೇಳುವುದು ಸುಲಭ: ನೀರು ಹೊರಬಿಡುವ ಕಡೆ ಮೆತ್ತನೆಯ ಪೈಪು ನಡೆಯುತ್ತದೆ, ಹೊಳೆಯಿಂದ ಎಳೆಯುವ ಕಡೆ ಗಟ್ಟಿ ಪೈಪೇ ಬೇಕು, ಇಲ್ಲವಾದರೆ ಎಳೆತಕ್ಕೆ ಅದು ಚಪ್ಪಟೆಯಾಗಿಬಿಡುತ್ತದೆ. ಗಂಟಲು ಎಳೆಯುವ ಕಡೆಯ ಪೈಪು. ಕುತ್ತಿಗೆಯ ಸುತ್ತ ಕೊಬ್ಬು ಸೇರಿದ್ದರೆ, ದವಡೆ ಚಿಕ್ಕದಾಗಿದ್ದರೆ, ಟಾನ್ಸಿಲ್ ದೊಡ್ಡದಿದ್ದರೆ ಅಥವಾ ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿದರೆ ಆ ದಾರಿ ಮುಚ್ಚುತ್ತದೆ. ಕನಿಷ್ಠ 10 ಸೆಕೆಂಡು ಗಾಳಿ ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಅರೆಗಳಿಗೆ ಎಚ್ಚರಗೊಂಡು ಗಂಟಲನ್ನು ತೆರೆಸುತ್ತದೆ, ಮತ್ತೆ ನಿದ್ದೆ ಹತ್ತುತ್ತದೆ. ಬೆಳಿಗ್ಗೆ ಎದ್ದವರಿಗೆ ಇದಾವುದರ ನೆನಪೂ ಇರುವುದಿಲ್ಲ.

ನೆನಪಿರುವುದು ಪಕ್ಕದಲ್ಲಿ ಮಲಗಿದವರಿಗೆ. ಅವರು ಮೊಬೈಲಿನಲ್ಲಿ ಹತ್ತು ನಿಮಿಷದ ಧ್ವನಿಮುದ್ರಣ ಮಾಡಿಟ್ಟರೆ ವೈದ್ಯರಿಗೆ ಅರ್ಧ ಕಥೆ ಅಲ್ಲೇ ತಿಳಿಯುತ್ತದೆ. ಗೊರಕೆ ಏರುತ್ತ ಹೋಗಿ ಒಮ್ಮೆಲೇ ನಿಲ್ಲುತ್ತದೆ. ಫ್ಯಾನಿನ ಸದ್ದೊಂದೇ ಕೇಳುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿ ಹಾಕಿ ನೋಡಿದರೆ ಎದೆ ಮತ್ತು ಹೊಟ್ಟೆ ಏಳಲು ಹೆಣಗುತ್ತಿರುತ್ತವೆ, ಆದರೆ ಮೂಗಿನ ಬಳಿ ಹಿಡಿದ ಕೈಗೆ ಗಾಳಿ ತಾಗುವುದಿಲ್ಲ. ಕೊನೆಗೆ ಗುರ್ರನೆ ಗಂಟಲು ಬಿಚ್ಚಿಕೊಂಡು ಉಸಿರು ಒಳನುಗ್ಗುತ್ತದೆ. ಮನೆಯ ಹೆಂಗಸರ ವಿಷಯದಲ್ಲಿ ಇದು ಇನ್ನೂ ತಡವಾಗಿ ಬೆಳಕಿಗೆ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ತೊಂದರೆ ಹೆಚ್ಚಾಗುತ್ತದೆಯಾದರೂ, ಆಯಿಗೆ (ಅಮ್ಮನಿಗೆ) ಕೆಲಸ ಜಾಸ್ತಿಯಾಗಿ ದಣಿವಾಗಿದೆ ಎಂದುಕೊಂಡು ಎಲ್ಲರೂ ಸುಮ್ಮನಿರುತ್ತಾರೆ.

ಅಭ್ಯಾಸ ಶುರುಮಾಡುವ ಮೊದಲು ನಿದ್ರಾ ಪರೀಕ್ಷೆ ಆಗಿರಲೇಬೇಕು. ಬೆಳಗಿನ ತಲೆನೋವು, ಒಣಗಿದ ಬಾಯಿ, ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುವುದು, ಎರಡು ಮೂರು ಮಾತ್ರೆಗಳಿಗೂ ಹತೋಟಿಗೆ ಬಾರದ ರಕ್ತದೊತ್ತಡ, ಕುಳಿತಲ್ಲೇ ತೂಕಡಿಕೆ, ಇವುಗಳಲ್ಲಿ ಕೆಲವು ಒಟ್ಟಿಗೆ ಕಂಡರೆ ಕಿವಿ-ಮೂಗು-ಗಂಟಲಿನ ತಜ್ಞರನ್ನೋ ಶ್ವಾಸಕೋಶ ತಜ್ಞರನ್ನೋ ಕಾಣಬೇಕು. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಕಾರವಾರದವರು ಗೋವೆಗೆ, ಹೊನ್ನಾವರ-ಭಟ್ಕಳದವರು ಮಣಿಪಾಲ ಅಥವಾ ಮಂಗಳೂರಿಗೆ ಹೋಗುವುದು ರೂಢಿ. ಮನೆಯಲ್ಲೇ ಬೆರಳಿಗೆ, ಮೂಗಿಗೆ ಮತ್ತು ಎದೆಗೆ ಕಟ್ಟಿಕೊಂಡು ಮಲಗುವ ಚಿಕ್ಕ ಯಂತ್ರದ ಪರೀಕ್ಷೆಯೂ ಈಗ ಇದೆ. ವರದಿಯಲ್ಲಿ ಎಎಚ್‌ಐ ಎಂಬ ಅಂಕಿ ಇರುತ್ತದೆ. ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಬಹಳ ಕುಗ್ಗಿತು ಎಂಬುದರ ಲೆಕ್ಕ ಅದು: 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಏಳು ತಾಸಿನ ನಿದ್ದೆಯಲ್ಲಿ 210 ಬಾರಿ. ಗಂಟಲು ತೆರೆದಿದ್ದರೂ ಉಸಿರಾಡೆಂಬ ಆದೇಶವೇ ಮೆದುಳಿನಿಂದ ಬಾರದ ಇನ್ನೊಂದು ಬಗೆಯೂ ಇದೆ. ವರದಿ ಆ ಬಗೆಯನ್ನು ಹೇಳಿದರೆ ಕೆಳಗಿನ ಅಭ್ಯಾಸಗಳು ಅದಕ್ಕೆ ಚಿಕಿತ್ಸೆಯಲ್ಲ.

ಮಲಗಿದಾಗ ಮಾಸ್ಕ್ ಮೂಲಕ ಗಾಳಿ ಊದುವ ಸಿ-ಪ್ಯಾಪ್ ಯಂತ್ರವನ್ನು ವೈದ್ಯರು ಬರೆದುಕೊಟ್ಟಿದ್ದರೆ, ಅದನ್ನು ಪ್ರತಿ ರಾತ್ರಿ ಹಾಕಿಕೊಳ್ಳುವುದನ್ನು ಬಿಡದೆ ಈ ಅಭ್ಯಾಸ ಮಾಡಬೇಕು. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಗಾಳಿಯ ಒತ್ತಡವೇ ಗಂಟಲನ್ನು ಒಳಗಿನಿಂದ ತೆರೆದಿಡುತ್ತದೆ. ಹಾಕಿಕೊಂಡ ರಾತ್ರಿಯೇ ಯಂತ್ರ ಮಾಡುವ ಆ ಕೆಲಸವನ್ನು ಯಾವ ಪ್ರಾಣಾಯಾಮವೂ ಮಾಡಲಾರದು. ಯೋಗ ಹಿಡಿದ ಮೇಲೆ ಯಂತ್ರ ಬಿಟ್ಟೆ ಎಂದು ಹೆಮ್ಮೆಯಿಂದ ಹೇಳುವವರ ಮಾತಿಗೆ ಕಿವಿಗೊಡಬಾರದು. ಅರಬೈಲ್ ಅಥವಾ ದೇವಿಮನೆ ಘಟ್ಟದಲ್ಲಿ ವಾಹನ ನಡೆಸುವವರಿಗಂತೂ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ. ಹಗಲು ತೂಕಡಿಕೆ ಬರುತ್ತಿರುವವರೆಗೆ ಸ್ಟಿಯರಿಂಗ್ ಮುಟ್ಟದಿರುವುದೇ ಸರಿ.

ಹಾಗಾದರೆ ಅಭ್ಯಾಸದಿಂದ ಸಿಗುವುದೇನು? 2009ರಲ್ಲಿ ಬ್ರೆಜಿಲ್‌ನ ಸಂಶೋಧಕರು ಮಧ್ಯಮ ಮಟ್ಟದ ಆಪ್ನಿಯಾ ಇದ್ದ 31 ಜನರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಮೂರು ತಿಂಗಳು, ದಿನಕ್ಕೆ ಸುಮಾರು ಅರ್ಧ ಗಂಟೆ ನಾಲಿಗೆ ಮತ್ತು ಗಂಟಲಿನ ವ್ಯಾಯಾಮ ಮಾಡಿದವರಲ್ಲಿ ಎಎಚ್‌ಐ ಸರಾಸರಿ 22.4ರಿಂದ 13.7ಕ್ಕೆ ಇಳಿಯಿತು, ಬರಿಯ ದೀರ್ಘ ಉಸಿರಾಟ ಮಾಡಿದ ಇನ್ನೊಂದು ಗುಂಪಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಈ ಎರಡನೆಯ ಅಂಶ ನಮಗೆ ಬಹಳ ಮುಖ್ಯ. ಆಳವಾಗಿ ಉಸಿರಾಡುವುದರಿಂದಷ್ಟೇ ಗಂಟಲು ಬಲಗೊಳ್ಳುವುದಿಲ್ಲ. ಹಾಗೆಯೇ 13.7 ಎಂದರೆ ಮಧ್ಯಮದಿಂದ ಸೌಮ್ಯಕ್ಕೆ ಇಳಿದಂತಾಯಿತೇ ಹೊರತು ಗುಣವಾದಂತಲ್ಲ ಎಂಬುದನ್ನೂ ಗಮನಿಸಬೇಕು.

ನಾಲಿಗೆಯ ಅಭ್ಯಾಸ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬಾಯಿ ಮುಕ್ಕಳಿಸಿ, ಕನ್ನಡಿಯ ಮುಂದೆ ಬೆನ್ನು ನೇರವಾಗಿಟ್ಟು ಕುಳಿತುಕೊಳ್ಳಿ. ಕವಳ (ಎಲೆಯಡಿಕೆ) ಹಾಕುವವರು ಅಭ್ಯಾಸ ಮುಗಿಯುವವರೆಗೆ ಅದನ್ನು ಮುಂದೂಡಬೇಕು. ತಂಬಾಕಿನ ಎಸಳು ಗಂಟಲಿಗೆ ಇಳಿದರೆ ಕೆಮ್ಮು ತಪ್ಪಿದ್ದಲ್ಲ, ಮತ್ತು ತಂಬಾಕನ್ನು ಪೂರ್ತಿ ಬಿಡುವುದಕ್ಕೆ ಇದೇ ನೆಪವಾದರೆ ಇನ್ನೂ ಒಳ್ಳೆಯದು.

ಮೊದಲು ಬಾಯಿ ಮುಚ್ಚಿ ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂಬದಿಗೆ ಒತ್ತಿ, ಅಲ್ಲಿಂದ ಅಂಗಳಕ್ಕೆ ತಾಗಿಸಿಕೊಂಡೇ ಹಿಂದಕ್ಕೆ ಎಳೆಯಿರಿ. ಇಪ್ಪತ್ತು ಬಾರಿ ಸಾಕು. ಬಳಿಕ ಇಡೀ ನಾಲಿಗೆಯನ್ನು ಅಂಗಳಕ್ಕೆ ಹೀರಿ ಅಂಟಿಸಿ, ಕೆಲವು ಸೆಕೆಂಡು ಹಿಡಿದು, ಟಕ್ ಎಂದು ಬಿಡಿ. ಸರಿಯಾಗಿ ಅಂಟಿದ್ದರೆ ನಾಲಿಗೆಯ ಕೆಳಗಿನ ತೆಳುವಾದ ಪೊರೆ ಬಿಗಿಯಾಗಿ ಎಳೆದುಕೊಂಡಿರುವುದು ಕನ್ನಡಿಯಲ್ಲಿ ಕಾಣುತ್ತದೆ. ಮೂರನೆಯದಾಗಿ ತುದಿಯನ್ನು ಕೆಳಗಿನ ಹಲ್ಲಿಗೆ ತಾಗಿಸಿಟ್ಟು ನಾಲಿಗೆಯ ಹಿಂಭಾಗವನ್ನು ಕೆಳಕ್ಕೆ ಒತ್ತಿ. ನಾಲ್ಕನೆಯದಕ್ಕೆ ಬಾಯಿ ಅಗಲವಾಗಿ ತೆರೆದು ‘ಆ’ ಎಂದು ಬಿಡಿಬಿಡಿಯಾಗಿಯೂ ಎಳೆದೂ ಉಚ್ಚರಿಸಿ. ಪ್ರತಿ ಸಲವೂ ಕಿರುನಾಲಿಗೆ ಮೇಲಕ್ಕೆ ಎದ್ದು ಗಂಟಲಿನ ಹಿಂಗೋಡೆ ಕಾಣಿಸಬೇಕು. ಮೊದಲ ವಾರ ಅದು ಅಲ್ಲಾಡುವುದೇ ಕಷ್ಟ. ಬೆಳಕು ಕನ್ನಡಿಯ ಮೇಲಲ್ಲ, ಬಾಯಿಯೊಳಗೆ ಬೀಳುವಂತೆ ಕಿಟಕಿಯ ಎದುರು ಕುಳಿತರೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ನಾಲಿಗೆಯನ್ನು ಮೇಲಕ್ಕೆ ಮಡಚುವ ಅಭ್ಯಾಸ ಹಠಯೋಗಕ್ಕೆ ಹೊಸದಲ್ಲ. ನಭೋಮುದ್ರೆಯಲ್ಲಿ ಇದೇ ಇದೆ. ಆದರೆ ಅಲ್ಲಿ ಜೊತೆಗೆ ಉಸಿರನ್ನು ಹಿಡಿಯಲು ಹೇಳಿದೆ, ನಾವು ಹಿಡಿಯುವುದಿಲ್ಲ.

ಇದರ ಬೆನ್ನಿಗೆ ಸಿಂಹಾಸನ. ಮಂಡಿಯೂರಿ ಹಿಮ್ಮಡಿಗಳ ಮೇಲೆ ಕುಳಿತು, ಅಂಗೈಗಳನ್ನು ಮೊಣಕಾಲ ಮೇಲೆ ಬೆರಳು ಬಿಡಿಸಿ ಇಟ್ಟು, ಮೂಗಿನಿಂದ ಉಸಿರು ತುಂಬಿಕೊಂಡು, ನಾಲಿಗೆಯನ್ನು ಗದ್ದದ ಕಡೆಗೆ ಪೂರ್ತಿ ಚಾಚಿ ‘ಹಾ’ ಎನ್ನುತ್ತ ಉಸಿರನ್ನೆಲ್ಲ ಬಿಡುವುದು. ಐದಾರು ಸುತ್ತು ಮಾಡಿದರಾಯಿತು. ಮೊಣಕಾಲು ನೋವಿದ್ದವರು ಕುರ್ಚಿಯಲ್ಲಿ ಕುಳಿತು ಮಾಡಿದರೆ ಏನೂ ಕಡಿಮೆಯಾಗುವುದಿಲ್ಲ, ಏಕೆಂದರೆ ಇಲ್ಲಿ ನಮಗೆ ಬೇಕಾದದ್ದು ನಾಲಿಗೆಯ ಚಾಚುವಿಕೆ, ಕಾಲಿನ ಮಡಿಕೆಯಲ್ಲ. ಮೊಮ್ಮಕ್ಕಳು ನೋಡಿ ನಗುತ್ತಾರೆಂದು ಇದನ್ನು ಕೈಬಿಟ್ಟವರನ್ನು ಬಲ್ಲೆ. ಆ ಮೊಮ್ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳುವುದು ಒಳ್ಳೆಯ ಉಪಾಯ.

ಉಜ್ಜಾಯಿ

ಪ್ರಾಣಾಯಾಮಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ಆಪ್ನಿಯಾ ಇರುವವರಿಗೆ ನಾನು ಉಜ್ಜಾಯಿಯನ್ನು ಹೇಳುತ್ತೇನೆ. ಬಾಯಿ ಮುಚ್ಚಿ, ಕಂಠದಿಂದ ಹೃದಯದವರೆಗೆ ಸದ್ದಿನೊಂದಿಗೆ ತಾಗುವಂತೆ ಗಾಳಿಯನ್ನು ಮೆಲ್ಲಗೆ ಎಳೆದುಕೊಳ್ಳಬೇಕೆಂದು ಹಠಯೋಗ ಪ್ರದೀಪಿಕೆಯ ಎರಡನೆಯ ಅಧ್ಯಾಯ ಇದನ್ನು ವಿವರಿಸುತ್ತದೆ. ಗಂಟಲನ್ನು ತುಸು ಕಿರಿದಾಗಿಸಿ, ಆ ಕಿರಿದಾದ ದಾರಿಯಲ್ಲಿ ಗಾಳಿಯನ್ನು ಹತೋಟಿಯಿಂದ ಹಾಯಿಸುವುದೇ ಇಲ್ಲಿಯ ಕೆಲಸ. ಗಂಟಲಿನ ಮೇಲೆ ಅರಿವಿಟ್ಟು ಉಸಿರಾಡುವುದನ್ನು ಇದು ಕಲಿಸುತ್ತದೆ.

ಕಲಿಯುವ ಸುಲಭ ದಾರಿ ಕನ್ನಡಕದಿಂದ. ಕನ್ನಡಕದ ಗಾಜನ್ನು ಬಾಯಿಯ ಬಳಿ ಹಿಡಿದು ‘ಹಾ’ ಎಂದು ಆವಿ ಬಿಟ್ಟರೆ ಗಾಜು ಮಸುಕಾಗುತ್ತದೆ. ಆ ಹೊತ್ತಿಗೆ ಗಂಟಲಿನ ಯಾವ ಜಾಗ ಕಿರಿದಾಯಿತೆಂಬುದನ್ನು ಗುರುತಿಸಿಕೊಳ್ಳಿ. ಎರಡನೆಯ ಬಾರಿ ಅದೇ ‘ಹಾ’ವನ್ನು ಶುರುಮಾಡಿ ನಡುವೆ ತುಟಿ ಮುಚ್ಚಿಬಿಡಿ, ಗಾಳಿ ಮೂಗಿನಿಂದ ಹೋಗುತ್ತದೆ, ಸದ್ದು ಮಾತ್ರ ಗಂಟಲಿನಲ್ಲೇ ಉಳಿಯುತ್ತದೆ. ಹೊರಬಿಡುವಾಗ ಹಿಡಿತ ಸಿಕ್ಕಿದ ಮೇಲೆ ಒಳಗೆಳೆದುಕೊಳ್ಳುವಾಗಲೂ ಅದೇ ಸದ್ದು ಬರಿಸಬೇಕು. ಕಷ್ಟವಿರುವುದು ಇಲ್ಲಿಯೇ. ಒಳಗೆಳೆಯುವಾಗ ಗೊರಕೆಯಂತೆ ಅಂಗಳ ಅದುರಿದರೆ ಎಳೆತ ಜೋರಾಯಿತೆಂದು ಅರ್ಥ, ಅರ್ಧಕ್ಕೆ ಇಳಿಸಿ. ಸದ್ದು ಎದುರಿಗೆ ಕುಳಿತವರಿಗೆ ಕೇಳಬೇಕಾಗಿಲ್ಲ, ನಿಮಗೆ ಕೇಳಿದರೆ ಸಾಕು.

ನಾಲ್ಕು ಎಣಿಸುವಷ್ಟು ಪೂರಕ (ಉಸಿರು ಒಳಗೆಳೆಯುವುದು), ಆರು ಎಣಿಸುವಷ್ಟು ರೇಚಕ (ಹೊರಬಿಡುವುದು), ನಡುವೆ ಕುಂಭಕವಿಲ್ಲ (ಉಸಿರು ಹಿಡಿಯುವುದಿಲ್ಲ). ಐದು ನಿಮಿಷದಿಂದ ಶುರುಮಾಡಿ ಎರಡು ಮೂರು ವಾರಗಳಲ್ಲಿ ಹತ್ತು ನಿಮಿಷಕ್ಕೆ ಏರಿಸಬಹುದು. ಗಂಟಲು ಕೆರೆದಂತಾದರೆ, ತಲೆ ಹಗುರಾಗಿ ಸುತ್ತಿದಂತಾದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿ.

ಭ್ರಾಮರಿ ಮತ್ತು ಶಂಖ

ಭ್ರಾಮರಿಗೆ ತುಟಿ ಮುಚ್ಚಿರಲಿ, ಹಲ್ಲು ಮಾತ್ರ ಒಂದಕ್ಕೊಂದು ತಾಗದಿರಲಿ. ಮೂಗಿನಿಂದ ಉಸಿರೆಳೆದುಕೊಂಡು, ತೋರುಬೆರಳುಗಳಿಂದ ಕಿವಿಯ ಬಾಗಿಲನ್ನು ಹಗುರವಾಗಿ ಒತ್ತಿ, ‘ಮ್’ ಎಂದು ಗುನುಗುತ್ತ ಉಸಿರು ಮುಗಿಯುವವರೆಗೆ ಬಿಡಿ. ಹಲ್ಲು ಕಚ್ಚಿಕೊಂಡವರಿಗೆ ಕಂಪನ ದವಡೆಯಲ್ಲೇ ನಿಲ್ಲುತ್ತದೆ. ದವಡೆ ಸಡಿಲಿಸಿದರೆ ಅದು ಮೂಗಿನ ಹಿಂಭಾಗಕ್ಕೂ ಅಂಗಳಕ್ಕೂ ಹರಡುವುದು ಅನುಭವಕ್ಕೆ ಬರುತ್ತದೆ. ಹತ್ತು ಹನ್ನೆರಡು ಸುತ್ತು ಸಾಕು. ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಸುಮ್ಮನೆ ಉಸಿರು ಬಿಡುವುದಕ್ಕಿಂತ ಗುನುಗುತ್ತ ಬಿಡುವಾಗ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸುಮಾರು 15 ಪಟ್ಟು ಹೆಚ್ಚಾಗುತ್ತದೆ. ಸೈನಸ್ ಗೂಡುಗಳ ಗಾಳಿ ಬದಲಾಗಲು ಗುನುಗು ನೆರವಾಗುತ್ತದೆ ಎಂಬುದಕ್ಕೆ ಇದು ಗುರುತು. ಇದು ಮೂಗಿನ ಮಾತು, ಆಪ್ನಿಯಾದ ಔಷಧವೆಂದು ಯಾರೂ ತಿಳಿಯಬಾರದು. ಆದರೂ ಮೂಗು ಕಟ್ಟಿದವರು ಬಾಯಿಯಿಂದ ಉಸಿರಾಡುತ್ತಾರೆ, ಬಾಯಿ ತೆರೆದು ಮಲಗಿದರೆ ದವಡೆ ಇಳಿದು ನಾಲಿಗೆ ಹಿಂದೆ ಸರಿಯುತ್ತದೆ, ಆದ್ದರಿಂದ ಮೂಗಿನ ಮಾತೂ ಸಣ್ಣದಲ್ಲ.

ಊದುವುದರ ಬಗ್ಗೆಯೂ ಆಸಕ್ತಿಯ ಸಂಗತಿಗಳಿವೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ಎಂಬ ಉದ್ದನೆಯ ವಾದ್ಯವನ್ನು ನಾಲ್ಕು ತಿಂಗಳು ಊದಿದವರಲ್ಲಿ ಆಪ್ನಿಯಾ ಮತ್ತು ಹಗಲಿನ ತೂಕಡಿಕೆ ಕಡಿಮೆಯಾದದ್ದನ್ನು 2006ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು 25 ಜನರ ಅಧ್ಯಯನದಲ್ಲಿ ತೋರಿಸಿದರು. 2025ರಲ್ಲಿ ಜೈಪುರದಿಂದ ಪ್ರಕಟವಾದ 30 ಜನರ ಅಧ್ಯಯನದಲ್ಲಿ ಆ ಜಾಗಕ್ಕೆ ನಮ್ಮ ಶಂಖವೇ ಬಂದಿತ್ತು: ವಾರಕ್ಕೆ ಐದು ದಿನ, ಕನಿಷ್ಠ 15 ನಿಮಿಷದಂತೆ ಆರು ತಿಂಗಳು ಊದಿದವರಲ್ಲಿ ಗಂಟೆಗೆ ಸರಾಸರಿ ನಾಲ್ಕೈದು ತಡೆಗಳು ಕಡಿಮೆಯಾದವು. ಎರಡೂ ಚಿಕ್ಕ ಅಧ್ಯಯನಗಳು. ದೇವರ ಮುಂದೆ ಮಂಗಳಾರತಿಯ ಹೊತ್ತಿಗೆ ಒಮ್ಮೆ ಊದುವುದಕ್ಕೂ ದಿನಾ ಕಾಲು ಗಂಟೆ ಊದುವುದಕ್ಕೂ ಬಹಳ ಅಂತರವಿದೆ. ಮನೆಯಲ್ಲಿ ಶಂಖವಿದ್ದು, ಹರ್ನಿಯಾ, ಗ್ಲಾಕೋಮಾ, ಕಿವಿಯ ಸೋಂಕು ಅಥವಾ ಹತೋಟಿ ಮೀರಿದ ರಕ್ತದೊತ್ತಡ ಇಲ್ಲದಿದ್ದರೆ, ವೈದ್ಯರನ್ನು ಕೇಳಿ ಇದನ್ನು ಸೇರಿಸಿಕೊಳ್ಳಬಹುದು. ಕೆನ್ನೆ ಉಬ್ಬಿಸದೆ ಹೊಟ್ಟೆಯಿಂದ ಊದಬೇಕು.

ಮಳೆಗಾಲದ ಮೂಗು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಹಾಸಿಗೆ, ಕಂಬಳಿ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಒಲೆಯ ಹೊಗೆ ಮತ್ತು ಸಿಪ್ಪೆಯ ಧೂಳು. ಮೂಗು ಕಟ್ಟಿದ್ದರೆ ಮೇಲಿನ ಯಾವ ಅಭ್ಯಾಸವೂ ನೆಟ್ಟಗೆ ಸಾಗದು. ಉಪ್ಪುನೀರು ಹಾಯಿಸಿ ಮೂಗು ತೊಳೆಯುವ ಜಲನೇತಿ ಇಲ್ಲಿ ಉಪಯುಕ್ತ, ಆದರೆ ನೀರಿನ ಬಗ್ಗೆ ಸಡಿಲ ಬಿಡುವಂತಿಲ್ಲ. ಅಬ್ಬಿ (ಝರಿ) ನೀರು, ಬಾವಿ ನೀರು ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಹಸಿಯಾಗಿ ಮೂಗಿಗೆ ಹಾಕಬಾರದು; ಮೂಗಿನ ದಾರಿಯಿಂದ ಮೆದುಳಿಗೆ ಹೋಗುವ ಅಮೀಬಾ ಸಿಹಿನೀರಿನಲ್ಲಿ ಇರಬಲ್ಲದು, ಅದರ ಸೋಂಕು ಬಹುತೇಕ ಪ್ರಾಣಾಂತಿಕ. ಕೆಲವು ನಿಮಿಷ ಮರಳಿಸಿ ಕುದಿಸಿ, ಉಗುರುಬೆಚ್ಚಗೆ ಆರಿಸಿದ ಅರ್ಧ ಲೀಟರು ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಅಂದರೆ ಸಮತಟ್ಟಾದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಮುಗಿದ ಮೇಲೆ ಮುಂದಕ್ಕೆ ಬಾಗಿ ನೀರನ್ನೆಲ್ಲ ಇಳಿಸಬೇಕು. ಕಿವಿ ನೋವಿದ್ದಾಗ ನೇತಿ ಬೇಡ.

ಬಿಡಬೇಕಾದವು ಯಾವುವು? ಕಪಾಲಭಾತಿ ಮತ್ತು ಭಸ್ತ್ರಿಕಾ ಎದೆ ಮತ್ತು ಹೊಟ್ಟೆಯ ಒತ್ತಡವನ್ನು ಥಟ್ಟನೆ ಏರಿಸುತ್ತವೆ; ಆಪ್ನಿಯಾ ಇರುವವರಲ್ಲಿ ಬಹಳ ಮಂದಿಗೆ ರಕ್ತದೊತ್ತಡವೋ ಹೃದಯದ ತೊಂದರೆಯೋ ಇದ್ದೇ ಇರುತ್ತದೆ. ದೀರ್ಘ ಕುಂಭಕವೂ ಬೇಡ. ರಾತ್ರಿಯಿಡೀ ಆಮ್ಲಜನಕ ಇಳಿದು ಏರಿದ ದೇಹಕ್ಕೆ ಹಗಲಿನಲ್ಲೂ ಅದೇ ಶಿಕ್ಷೆ ಕೊಡುವುದರಲ್ಲಿ ಅರ್ಥವಿಲ್ಲ. ಇತ್ತೀಚೆಗೆ ಮೊಬೈಲಿನಲ್ಲಿ ಹರಿದಾಡುತ್ತಿರುವ, ಬಾಯಿಗೆ ಪಟ್ಟಿ ಅಂಟಿಸಿಕೊಂಡು ಮಲಗುವ ಉಪಾಯವನ್ನು ಆಪ್ನಿಯಾ ಇರುವವರು ತಾವಾಗಿ ಮಾಡಲೇಬಾರದು. ಮೂಗು ಕಟ್ಟಿದ ಹೊತ್ತಿಗೆ ಉಳಿಯುವ ಒಂದೇ ದಾರಿಯನ್ನೂ ಅದು ಮುಚ್ಚುತ್ತದೆ.

ಶವಾಸನದ ಬಗ್ಗೆ ಶಿಕ್ಷಕರೂ ಯೋಚಿಸಬೇಕು. ಪ್ರಾಣಾಯಾಮ ಮುಗಿಸಿ ಎಲ್ಲರೂ ಅಂಗಾತ ಮಲಗಿದ ಎರಡನೆಯ ನಿಮಿಷಕ್ಕೆ ಕೋಣೆಯ ಯಾವ ಚಾಪೆಯಿಂದ ಗೊರಕೆ ಏಳುತ್ತದೆಂದು ನೋಡಿದರೆ ಯಾರಿಗೆ ಪರೀಕ್ಷೆ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಅಂಥವರು ಎಡಮಗ್ಗುಲಲ್ಲಿ, ಮೊಣಕಾಲುಗಳ ನಡುವೆ ದಿಂಬಿಟ್ಟು ವಿಶ್ರಾಂತಿ ಪಡೆಯಲಿ. ರಾತ್ರಿಯೂ ಮಗ್ಗುಲಾಗಿಯೇ ಮಲಗಬೇಕು. ಅಂಗಾತ ಹೊರಳದಂತೆ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನ್ನಿಸ್ ಚೆಂಡು ಇಡುವುದು ಹಳೆಯ ಉಪಾಯ, ಕೆಲಸ ಮಾಡುತ್ತದೆ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಗದ್ದ ಎದೆಗೆ ಒತ್ತಿ ಗಂಟಲು ಇನ್ನಷ್ಟು ಮಡಚುತ್ತದೆ. ಅದರ ಬದಲು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಹಲಗೆ ತುಂಡುಗಳನ್ನಿಟ್ಟು ಇಡೀ ಮಂಚವನ್ನೇ ಓರೆಯಾಗಿಸಿ.

ಮಲಗುವ ಮುಂಚೆ ಹಾಸಿಗೆಯ ಅಂಚಿನಲ್ಲಿ ಕುಳಿತು ನಾಡಿಶೋಧನ (ಹೊಳ್ಳೆ ಬದಲಿಸಿ ಮೆಲ್ಲಗೆ ಉಸಿರಾಡುವುದು) ಐದು ನಿಮಿಷ ಮಾಡಿದರೆ ಸಿ-ಪ್ಯಾಪ್ ಮಾಸ್ಕ್ ಹಾಕಿಕೊಳ್ಳುವಾಗ ಬರುವ ಉಸಿರುಗಟ್ಟಿದ ಭಾವ ಕಡಿಮೆಯಾಗುತ್ತದೆ. ಮಾಸ್ಕ್ ಹಾಕಿದ ಮೇಲೂ ರೇಚಕವನ್ನು ಉದ್ದವಾಗಿಸಿ ಕೆಲವು ಉಸಿರು ಬಿಟ್ಟರೆ ಯಂತ್ರದೊಂದಿಗೆ ಹೆಣಗುವುದು ತಪ್ಪುತ್ತದೆ. ಆ ಹೊತ್ತಿಗೆ ಮದ್ಯ ಮುಟ್ಟಿರಬಾರದು, ವೈದ್ಯರು ಹೇಳದ ನಿದ್ದೆ ಮಾತ್ರೆಯನ್ನೂ ನುಂಗಿರಬಾರದು. ಎರಡೂ ಬೆಳಿಗ್ಗೆ ವ್ಯಾಯಾಮ ಮಾಡಿದ ಸ್ನಾಯುಗಳನ್ನೇ ಸಡಿಲಿಸುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಯಂತ್ರವನ್ನು ಇನ್ವರ್ಟರ್ ಮೇಲೆ ನಡೆಸುವವರು ನೀರು ಬಿಸಿಮಾಡುವ ಹ್ಯುಮಿಡಿಫೈಯರನ್ನು ಬಂದ್ ಮಾಡಿದರೆ ಬ್ಯಾಟರಿ ಬಹಳ ಹೊತ್ತು ಬಾಳುತ್ತದೆ. ಮಾಸ್ಕ್ ಮತ್ತು ಕೊಳವೆಯನ್ನು ತೊಳೆದು ಚೆನ್ನಾಗಿ ಒಣಗಿಸದಿದ್ದರೆ ಅದರೊಳಗೂ ಬೂಸ್ಟು ಹಿಡಿದೀತು.

ತೂಕ ಹೆಚ್ಚಿದ್ದವರಿಗೆ ಪ್ರಾಣಾಯಾಮಕ್ಕಿಂತ ತೂಕ ಇಳಿಸುವುದೇ ದೊಡ್ಡ ಚಿಕಿತ್ಸೆಯಾದೀತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ದೀರ್ಘ ಅಧ್ಯಯನದಲ್ಲಿ ದೇಹದ ತೂಕ ಶೇ. 10ರಷ್ಟು ಇಳಿದರೆ ಎಎಚ್‌ಐ ಸುಮಾರು ಶೇ. 26ರಷ್ಟು ಇಳಿಯುವುದೂ, ಅಷ್ಟೇ ತೂಕ ಏರಿದರೆ ಅದು ಸುಮಾರು ಶೇ. 32ರಷ್ಟು ಏರುವುದೂ ಕಂಡುಬಂದಿತ್ತು. ರಾತ್ರಿಯ ಊಟವನ್ನು ಮಲಗುವುದಕ್ಕೆ ಮೂರು ತಾಸು ಮುಂಚೆ ಹಗುರವಾಗಿ ಮುಗಿಸುವ ಅಭ್ಯಾಸ ಇದಕ್ಕೂ, ಬೆಳಗಿನ ಖಾಲಿ ಹೊಟ್ಟೆಯ ಸಾಧನೆಗೂ ಅನುಕೂಲ.

ಬಿಡದೆ ಮೂರು ತಿಂಗಳು ನಡೆಸಿದ ಮೇಲೆ ವೈದ್ಯರನ್ನು ಕೇಳಿ ನಿದ್ರಾ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಗೊರಕೆ ಕಡಿಮೆಯಾಗಿದೆ ಎಂಬ ಮನೆಯವರ ಮಾತು ಸಂತೋಷದ್ದೇ ಆದರೂ, ಸದ್ದು ತಗ್ಗಿ ಉಸಿರು ನಿಲ್ಲುವುದು ಹಾಗೆಯೇ ಉಳಿದಿರುವುದೂ ಉಂಟು. ಹೋಗುವಾಗ ಹಳೆಯ ವರದಿ, ಸಿ-ಪ್ಯಾಪ್ ಯಂತ್ರದ ಮೆಮೊರಿ ಕಾರ್ಡ್, ಮನೆಯಲ್ಲಿ ಬರೆದಿಟ್ಟ ರಕ್ತದೊತ್ತಡ ಮತ್ತು ತೂಕದ ಪಟ್ಟಿ ಜೊತೆಗಿರಲಿ. ಯಂತ್ರದ ಗಾಳಿಯ ಒತ್ತಡ ಇಳಿಸಬೇಕೋ, ಯಂತ್ರದ ಬದಲು ದವಡೆಯನ್ನು ಮುಂದಕ್ಕೆ ಹಿಡಿಯುವ ದಂತಪಟ್ಟಿ ಸಾಕೋ, ಈಗಿರುವಂತೆಯೇ ಮುಂದುವರಿಯಬೇಕೋ ಎಂಬುದನ್ನು ಆ ಅಂಕಿಗಳನ್ನು ನೋಡಿ ಅವರು ತೀರ್ಮಾನಿಸುತ್ತಾರೆ; ಅಲ್ಲಿಯವರೆಗೆ ಮಾಸ್ಕ್ ತೆಗೆಯುವಂತಿಲ್ಲ.